ಮಲಗುವ ಕೆಲಸ

ಭಾನುವಾರ ಮಧ್ಯಾಹ್ನ ಎಲ್ಲರ ತಟ್ಟೆಗೂ ಅನ್ನ ಬಿದ್ದ ಮೇಲೆ ಬುಗುರಿ ಸುದ್ದಿ ಹೊರಗೆ ಹಾಕಿದಳು.

"ಬರೋ ತಿಂಗಳು ನಾನು ಮಲಗೋಕೆ ಹೋಗ್ತೀನಿ. ಅರವತ್ತು ದಿನ."

ಗಂಡನ ಕೈಯಲ್ಲಿದ್ದ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅತ್ತೆ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡರು. ಮಗಳು ಮಾತ್ರ ತಲೆ ಬಗ್ಗಿಸಿ ಉಣ್ಣುತ್ತಲೇ ಇದ್ದಳು. ಅವಳಿಗೆ ಮೊದಲೇ ಗೊತ್ತಿತ್ತು.

"ಎಲ್ಲಿಗೆ ಹೋಗ್ತೀಯ?" ಎಂದ ಗಂಡ.

"ಮಲಗೋಕೆ."

"ಅದಕ್ಕೆ ಬೇರೆ ಕಡೆ ಹೋಗಬೇಕಾ? ಇಲ್ಲಿ ಮಂಚ ಇಲ್ವಾ?"

"ಮಂಚ ಇದೆ. ಮಲಗೋಕೆ ಬಿಡೋರು ಯಾರಿದ್ದಾರೆ?"

ಬುಗುರಿ ಎಂಬುದು ಅತ್ತೆ ಇಟ್ಟ ಹೆಸರು. ಮದುವೆಯಾಗಿ ಬಂದ ಮೊದಲ ವಾರವೇ ಸೊಸೆ ಅಡುಗೆಮನೆ, ಬಚ್ಚಲು, ಬಾಗಿಲು ಎಂದು ಒಂದು ಕಡೆ ನಿಲ್ಲದೆ ಸುತ್ತುವುದನ್ನು ನೋಡಿ ಅರ್ಧ ಮೆಚ್ಚಿ ಅರ್ಧ ರೇಗಿ ಇಟ್ಟಿದ್ದರು. ಇಪ್ಪತ್ತು ವರ್ಷದಲ್ಲಿ ಆ ಹೆಸರು ಅವಳು ಕೆಲಸ ಮಾಡುವ ಲಾಂಡ್ರಿಗೂ ಹೋಗಿ ಕೂತಿತ್ತು. ಈಗ ಅವಳಿಗೆ ನಲವತ್ತಮೂರು. ಲಾಂಡ್ರಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತು ಇಸ್ತ್ರಿ ಮಾಡುತ್ತಿದ್ದಳು. ಮನೆಯಲ್ಲಿ ಎಷ್ಟು ಗಂಟೆ ನಿಲ್ಲುತ್ತಾಳೆ ಎಂದು ಯಾರೂ ನೋಡಿರಲಿಲ್ಲ.

ಊರಾಚೆ ಒಂದು ಸಂಶೋಧನಾ ಕೇಂದ್ರವಿತ್ತು. ಬಾಹ್ಯಾಕಾಶಕ್ಕೆ ಹೋದವರ ಮೈಗೆ ಏನಾಗುತ್ತದೆ ಎಂದು ಪರೀಕ್ಷೆ ಮಾಡುವ ಜಾಗ. ಅಲ್ಲಿನ ಹಾಸಿಗೆಯ ಚಾದರಗಳು ಒಗೆಯಲು ಬರುತ್ತಿದ್ದುದು ಇವರ ಲಾಂಡ್ರಿಗೇ. ಮಂಗಳವಾರ ವ್ಯಾನಿನಲ್ಲಿ ಗಂಟು ಇಳಿಸಲು ಹೋದಾಗ ಹಿಂಬಾಗಿಲಿನ ಪಕ್ಕ ಒಂದು ಚೀಟಿ ಅಂಟಿಸಿದ್ದನ್ನು ಬುಗುರಿ ಓದಿದ್ದಳು: ಇಪ್ಪತ್ತೈದರಿಂದ ನಲವತ್ತೈದು ವರ್ಷದೊಳಗಿನ ಆರೋಗ್ಯವಂತ ಮಹಿಳೆಯರು ಬೇಕಾಗಿದ್ದಾರೆ.

"ಮೇಲೆ ಹೋದವರಿಗೆ ತೂಕ ಅನ್ನೋದೇ ಇರಲ್ವಂತೆ," ಎಂದು ಅವಳು ವಿವರಿಸಿದಳು. "ಕಾಲಿಗೆ ಕೆಲಸ ಇಲ್ಲ. ಮೈಯಲ್ಲಿರೋ ನೀರೆಲ್ಲ ಮುಖಕ್ಕೆ ಏರುತ್ತೆ, ಮೀನಖಂಡ ಕರಗುತ್ತೆ, ಮೂಳೆ ಟೊಳ್ಳಾಗುತ್ತೆ. ಪರೀಕ್ಷೆಗೆ ಅಂತ ಎಲ್ಲರನ್ನೂ ಮೇಲೆ ಕಳಿಸೋಕಾಗಲ್ಲ. ಅದಕ್ಕೆ ಇಲ್ಲೇ ತಲೆ ಆರು ಡಿಗ್ರಿ ಕೆಳಗೆ ಮಾಡಿ ಮಲಗಿಸ್ತಾರೆ. ಏಳೋ ಹಾಗಿಲ್ಲ. ಊಟ, ಸ್ನಾನ, ಎಲ್ಲಾ ಮಲಗೇ. ಹಾಗಿದ್ರೆ ಮೈಗೆ ಮೇಲೆ ಹೋದ ಹಾಗೇ ಆಗುತ್ತಂತೆ."

"ಹೆಣ ಮಲಗಿಸಿದ ಹಾಗೆ," ಎಂದರು ಅತ್ತೆ.

"ಹೆಣಕ್ಕೆ ಊಟ ಕೊಡಲ್ಲ ಅಜ್ಜಿ," ಎಂದಳು ಮಗಳು.

ಹದಿನೇಳು ವರ್ಷದ ಈ ಮಗಳನ್ನು ಮನೆಯಲ್ಲಿ ವಕೀಲೆ ಎನ್ನುತ್ತಿದ್ದರು. ಯಾವ ಮಾತನ್ನೂ ನೆಲಕ್ಕೆ ಬೀಳಲು ಬಿಡುವವಳಲ್ಲ. ಆ ವರ್ಷ ಅವಳಿಗೆ ಕೊನೆಯ ಪರೀಕ್ಷೆ ಇತ್ತು.

ಗಂಡ ಊರ ಬಸ್ಸು ಓಡಿಸುತ್ತಿದ್ದ. ಬೆಳಗಿನ ಐದಕ್ಕೆ ಹೋದರೆ ಒಂದೂವರೆಗೆ ಮನೆಗೆ ಬಂದು ಉಂಡು, ನಾಲ್ಕರವರೆಗೆ ಮಲಗಿ, ಆಮೇಲೆ ಪೇಪರ್ ಓದುತ್ತಿದ್ದ. ಅವನು ಕೇಳಿದ, "ದುಡ್ಡು ಕೊಡ್ತಾರಾ?"

"ಲಾಂಡ್ರೀಲಿ ಐದು ತಿಂಗಳಿಗೆ ಬರೋಷ್ಟು."

"ಅದಕ್ಕೇ ಹೊರಟಿದೀಯ."

"ಕೊಟ್ರೆ ಬೇಡ ಅನ್ನಲ್ಲ. ಆದ್ರೆ ಅದಕ್ಕೇ ಅಲ್ಲ." ಬುಗುರಿ ಅವನ ತಟ್ಟೆಗೆ ಬೇಳೆ ಬಡಿಸಿದಳು. "ಹೆಸರು ಕೊಡೋಕೆ ಹೋದಾಗ ಅಲ್ಲಿನ ಡಾಕ್ಟರಮ್ಮ ನನ್ನ ಮೀನಖಂಡ ಒತ್ತಿ ನೋಡಿ, ಇನ್ನಿಬ್ಬರನ್ನ ಕರೆದು ತೋರಿಸಿದ್ರು. ಇಂಥ ಕಾಲು ಅಪರೂಪ ಅಂದ್ರು. ನಿಂತೂ ನಿಂತೂ ಇಷ್ಟು ಗಟ್ಟಿಯಾಗಿರೋದು ಮಲಗಿದ್ರೆ ಎಷ್ಟು ದಿನಕ್ಕೆ ಕರಗುತ್ತೆ ಅಂತ ಅವರಿಗೆ ಗೊತ್ತಾಗಬೇಕಂತೆ. ನನಗೂ ಗೊತ್ತಾಗಬೇಕು."

"ಆಹಾ! ಕಾಲಿಗೆ ಸರ್ಟಿಫಿಕೇಟು!"

"ಹ್ಞೂಂ. ನೀವು ಬಸ್ಸಿಗೆ ಮಾಡಿಸ್ತೀರಲ್ಲ, ಹಾಗೆ."

ಮಗಳು ಒಪ್ಪಿಗೆ ಪತ್ರ ತಂದು ಗಟ್ಟಿಯಾಗಿ ಓದಿದಳು. ಮೊದಲ ಹತ್ತು ದಿನ ಅಳತೆ, ನಂತರ ಅರವತ್ತು ದಿನ ಹಾಸಿಗೆ, ಕೊನೆಗೆ ಹತ್ತು ದಿನ ಚೇತರಿಕೆ. ಭಾನುವಾರ ಮೂರರಿಂದ ನಾಲ್ಕರವರೆಗೆ ಮನೆಯವರು ನೋಡಬಹುದು. ಏಳನೇ ಸಾಲು ಹೀಗಿತ್ತು: ಭಾಗವಹಿಸುವವರು ಯಾವ ದಿನ ಬೇಕಾದರೂ, ಯಾವ ಕಾರಣವನ್ನೂ ಹೇಳದೆ, ಪ್ರಯೋಗ ಬಿಟ್ಟು ಹೋಗಬಹುದು.

"ಇನ್ನೊಂದ್ಸಲ ಓದು," ಎಂದರು ಅತ್ತೆ. ಓದಿದಳು. "ನೋಡು, ನನ್ನ ಮದುವೆ ಕಾಗದದಲ್ಲಿ ಈ ಸಾಲು ಬರೆಯೋದನ್ನ ಮರೆತುಬಿಟ್ಟಿದ್ರು."

ಗಂಡನಿಗೆ ಆ ಸಾಲು ಬೇರೆ ಕಾರಣಕ್ಕೆ ಹಿಡಿಸಿತು. "ಹೋಗಿ ಬರಲಿ ಬಿಡಿ. ಮೂರನೇ ದಿನ ಎದ್ದು ಬರ್ತಾಳೆ. ಇವಳ ಕೈಲಿ ಮೂರು ನಿಮಿಷ ಕೂತಿರೋಕೆ ಆಗಲ್ಲ."

ಅಳತೆ ಮುಗಿಸಿ ಮಲಗಿಸಿದ ಮೂರನೇ ದಿನ ಅವಳು ನಿಜಕ್ಕೂ ಏಳಬೇಕೆಂದುಕೊಂಡಳು. ಮುಖ ಊದಿತ್ತು, ಮೂಗು ಕಟ್ಟಿತ್ತು, ಸೊಂಟದಲ್ಲಿ ಯಾರೋ ಕೀಲಿ ತಿರುವಿದಂತೆ ನೋವು. ದಿಂಬಿಲ್ಲ. ಹೇಗೆ ಹೊರಳಿದರೂ ಒಂದು ಭುಜ ಹಾಸಿಗೆಗೆ ತಾಗಿರಬೇಕು. ಊಟ ಮಾಡಬೇಕಾದರೆ ಮಗ್ಗುಲಾಗಿ ಮಲಗಿ, ಕೆನ್ನೆಯ ಪಕ್ಕದ ತಟ್ಟೆಯಿಂದ ಚಮಚದಲ್ಲಿ ಎತ್ತಬೇಕು. ಅನ್ನ ಗಂಟಲಿಗೆ ಇಳಿಯುತ್ತಿತ್ತೋ ಏರುತ್ತಿತ್ತೋ ತಿಳಿಯುತ್ತಿರಲಿಲ್ಲ. ಮೂತ್ರವನ್ನೂ ಅಳೆಯುತ್ತಿದ್ದರು. ಸ್ನಾನವಂತೂ ರಬ್ಬರು ಹೊದಿಸಿದ ಗಾಡಿಯ ಮೇಲೆ, ತಲೆ ಕೆಳಗೆ ಮಾಡಿಯೇ. ಮೂಲೆಯಲ್ಲಿ ಕ್ಯಾಮೆರಾ ಇತ್ತು. ತಲೆ ಎತ್ತಿದರೆ ನರ್ಸ್ ಓಡಿ ಬರುತ್ತಿದ್ದಳು.

ಪಕ್ಕದ ಹಾಸಿಗೆಯಲ್ಲಿದ್ದವಳು ಈಜು ಕಲಿಸುವವಳು. ಒಂಬತ್ತನೇ ದಿನ ಕಾರಣ ಹೇಳದೆ ಎದ್ದು ಹೋದಳು. ಹೋಗುವಾಗ, "ನೀವೂ ಬನ್ನಿ ಅಕ್ಕ, ಇದು ಮನುಷ್ಯರು ಮಾಡೋ ಕೆಲಸ ಅಲ್ಲ," ಎಂದಳು.

"ನೀವು ಹೋಗಿ. ನಮ್ಮ ಮನೇಲಿ ಮೂರನೇ ದಿನ ಅಂದಿದ್ರು. ಈಗಾಗಲೇ ಆರು ದಿನ ಜಾಸ್ತಿ ಆಗಿದೆ," ಎಂದಳು ಬುಗುರಿ.

ಭಾನುವಾರ ಮೂರು ಗಂಟೆಗೆ ಸರಿಯಾಗಿ ಮನೆಯೇ ಬಂದು ಕೋಣೆಯಲ್ಲಿ ಕೂರುತ್ತಿತ್ತು. ಮೊದಲ ವಾರ ಅತ್ತೆ ಅವಳ ಮುಖ ನೋಡಿ, "ಅಯ್ಯೋ, ಹೀಗೆ ಊದಿಕೊಂಡಿದೀಯಲ್ಲೇ! ಮದುವೆಯಾದಾಗ ಇಷ್ಟೇ ದುಂಡಗಿದ್ದೆ," ಎಂದರು. ಆಮೇಲೆ ದೂರುಗಳು. ಪಾತ್ರೆ ತಳ ಹಿಡಿಯಿತು. ಅಂಗಿಯ ಬಿಳಿ ಹೋಗಿ ನೀಲಿಯಾಯಿತು. ಅತ್ತೆಗೆ ಮಂಡಿ ನೋವು, ಒಲೆಯ ಮುಂದೆ ಹತ್ತು ನಿಮಿಷದ ಮೇಲೆ ನಿಲ್ಲಲಾಗುವುದಿಲ್ಲ.

"ಹೊಟ್ಟೆಗೇನು ತಿಂದು ಬಂದ್ರಿ?" ಎಂದು ಬುಗುರಿ ಕೇಳಿದಳು.

"ಏನೋ ಒಂದು," ಎಂದ ಗಂಡ.

ಅವಳು ಕ್ಯಾಮೆರಾಗೆ ಕಾಣದಂತೆ ಟವೆಲ್ಲಿನ ಅಡಿ ಕೈ ಹಾಕಿ ಕಾಗದದ ಪೊಟ್ಟಣ ತೆಗೆದಳು. ಒಂದು ಬೇಯಿಸಿದ ಮೊಟ್ಟೆ, ಎರಡು ತುಂಡು ಚೀಸ್, ಬೆಳಗಿನ ಕೇಕಿನ ಅರ್ಧ. "ಎತ್ತಿಟ್ಟಿದ್ದೆ. ತಗೊಳ್ಳಿ."

ಅತ್ತೆ ಮೊಟ್ಟೆ ತಿಂದು, "ಉಪ್ಪೇ ಇಲ್ಲ," ಎಂದರು. ಗಂಡ ಚೀಸ್ ತಿಂದ. ಕೇಕು ಮಗಳಿಗೆ ಹೋಯಿತು. ಯಾರಿಗೂ ಇದರಲ್ಲಿ ವಿಶೇಷ ಕಾಣಲಿಲ್ಲ. ಇಪ್ಪತ್ತು ವರ್ಷದಿಂದ ಅವಳು ಏನಾದರೊಂದು ಎತ್ತಿಡುತ್ತಿದ್ದಳು, ಅವರು ತಿನ್ನುತ್ತಿದ್ದರು. ದಿನಾ ಒಂದಿಷ್ಟು ಎತ್ತಿಟ್ಟು ಎರಡನೇ ಭಾನುವಾರಕ್ಕೆ ಪೊಟ್ಟಣ ದೊಡ್ಡದು ಮಾಡಿದಳು. ಮೂರನೆಯದರ ಹೊತ್ತಿಗೆ ಅತ್ತೆ ಮನೆಯಿಂದಲೇ ಚಿಟಿಕೆ ಉಪ್ಪು ತಂದಿದ್ದರು.

ಮರುದಿನ, ಇಪ್ಪತ್ತೆರಡನೇ ದಿನ, ಊಟದ ತೂಕ ನೋಡುವ ಹುಡುಗಿ ಬಂದು ಹಾಸಿಗೆಯ ಪಕ್ಕ ನಿಂತಳು. ಹಿಂದೆಯೇ ಡಾಕ್ಟರಮ್ಮ ಬಂದರು. ಐವತ್ತರ ಹತ್ತಿರದ, ಯಾವಾಗಲೂ ತೋಳು ಮಡಚಿಕೊಂಡಿರುತ್ತಿದ್ದ ಹೆಂಗಸು. ಮಲಗಿದವಳ ಮುಖಕ್ಕೆ ಮುಖ ಸರಿಯಾಗಲೆಂದು ಗಿಡ್ಡ ಸ್ಟೂಲು ಎಳೆದು ಕುಳಿತರು.

"ನಿಮ್ಮ ತೂಕ ಒಂದು ಕಿಲೋ ನಾನೂರು ಗ್ರಾಂ ಇಳಿದಿದೆ. ಬೇರೆ ಯಾರದ್ದೂ ಇಷ್ಟು ಇಳಿದಿಲ್ಲ. ನಾವು ಕೊಟ್ಟ ಊಟಕ್ಕೂ ನಿಮ್ಮ ಮೂತ್ರದ ವರದಿಗೂ ತಾಳೆಯೇ ಆಗ್ತಿಲ್ಲ. ತಟ್ಟೆ ಮಾತ್ರ ದಿನಾ ಖಾಲಿಯಾಗಿ ವಾಪಸ್ ಬರ್ತಿದೆ. ಊಟ ಎಲ್ಲಿಗೆ ಹೋಗ್ತಿದೆ?"

ಬುಗುರಿಗೆ ಸುಳ್ಳು ಹೇಳಲು ಹೊಳೆಯಲಿಲ್ಲ. "ಮನೆಯವರಿಗೆ ಎತ್ತಿಡ್ತಿದ್ದೆ."

"ಏನು ಮಾಡ್ತಿದ್ರಿ?"

"ಎತ್ತಿಡ್ತಿದ್ದೆ. ಭಾನುವಾರ ಬರ್ತಾರಲ್ಲ, ಬರಿಗೈಲಿ ಹೇಗೆ ಕಳಿಸೋದು?"

ತೂಕದ ಹುಡುಗಿ ಗೋಡೆಯ ಕಡೆ ತಿರುಗಿ ನಕ್ಕಳು. ಡಾಕ್ಟರಮ್ಮ ನಗಲಿಲ್ಲ. "ಕೇಳಿ. ಗ್ರಾಂ ಲೆಕ್ಕದಲ್ಲಿ ಊಟ ಕೊಡೋದು ಶೋಕಿಗಲ್ಲ. ನಿಮ್ಮ ಸ್ನಾಯು ಕರಗಿದ್ರೆ ಅದು ಮಲಗಿದ್ದಕ್ಕೆ ಕರಗಿತು ಅಂತ ನಾನು ಬರೀತೀನಿ. ಅದನ್ನ ಓದಿ ಮೇಲೆ ಹೋಗೋ ಹೆಣ್ಣುಮಕ್ಕಳಿಗೆ ಎಷ್ಟು ಊಟ, ಎಷ್ಟು ವ್ಯಾಯಾಮ ಅಂತ ಇನ್ನೊಬ್ಬರು ನಿರ್ಧಾರ ಮಾಡ್ತಾರೆ. ಈಗ ನೋಡಿದ್ರೆ ನಿಮ್ಮ ಪಾಲು ಹೋಗಿರೋದು ನಿಮ್ಮ ಅತ್ತೆ ಹೊಟ್ಟೆಗೆ. ಇದನ್ನ ಯಾವ ಅಂಕಣದಲ್ಲಿ ಬರೀಲಿ?"

"ಮೂರು ವಾರದ್ದೂ ಹಾಳಾಯ್ತಾ?"

"ಊಟಕ್ಕೆ ಸಂಬಂಧಪಟ್ಟಿದ್ದೆಲ್ಲ ಹಾಳು. ಮೂಳೆಯದು, ರಕ್ತದೊತ್ತಡದ್ದು ಉಳಿಸ್ಕೋಬಹುದು. ಇವತ್ತಿಂದ ಸರಿಯಾಗಿದ್ರೆ ಮುಂದಿನದೂ ಸಿಗುತ್ತೆ. ಇನ್ನೊಂದು ತುತ್ತು ತಪ್ಪಿದ್ರೆ ನಾನೇ ನಿಮ್ಮನ್ನ ಮನೆಗೆ ಕಳಿಸಬೇಕಾಗುತ್ತೆ."

"ತಪ್ಪಲ್ಲ."

"ಪೂರ್ತಿ ತಿನ್ನಬೇಕು. ಹಸಿವಿರಲಿ ಬಿಡಲಿ."

ಆ ಮಧ್ಯಾಹ್ನ ತೂಕದ ಹುಡುಗಿ ಪಕ್ಕದಲ್ಲೇ ಕುಳಿತಳು. ಅನ್ನ, ತರಕಾರಿ, ಮೊಟ್ಟೆ ಮುಗಿಯಿತು. ಕೇಕಿನ ಎರಡನೇ ಅರ್ಧ ಉಳಿಯಿತು. ಬುಗುರಿಯ ಕೈ ತಾನಾಗಿಯೇ ಟವೆಲ್ಲಿನ ಕಡೆ ಹೋಯಿತು. ಹಿಂದಕ್ಕೆ ಎಳೆದುಕೊಂಡಳು. ಬಾಯಿಗೆ ಹಾಕಿಕೊಂಡರೆ ಕೇಕು ಹೊರಳುತ್ತಿತ್ತೇ ಹೊರತು ಇಳಿಯಲಿಲ್ಲ. ಕಳ್ಳತನ ಮಾಡುವಾಗ ಸಿಕ್ಕಿಬಿದ್ದವಳಂತೆ ಹುಡುಗಿಯ ಮುಖ ನೋಡಿದಳು.

"ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದೇ ಕಷ್ಟ," ಎಂದು ಅಗಿದು ನುಂಗಿದಳು.

ಸಂಜೆ ಫೋನಿನಲ್ಲಿ ಮನೆಗೆ ವಿಷಯ ತಿಳಿಸಿದಳು. ಇನ್ನು ಮೇಲೆ ಪೊಟ್ಟಣ ಇಲ್ಲ.

"ನಾನು ತಿಂದ ಮೂರು ಮೊಟ್ಟೆಗೆ ವಿಜ್ಞಾನ ಹಾಳಾಯ್ತಾ?" ಎಂದು ಅತ್ತೆ ಜೋರು ಮಾಡಿದರು. ನಂತರ ದನಿ ಇಳಿಸಿ, "ಅದು ನಿನ್ನ ಪಾಲಿನದು ಅಂತ ಹೇಳಬಾರದಿತ್ತಾ?"

"ನೀವು ಯಾವಾಗ ಕೇಳಿದ್ರಿ ಅತ್ತೆ?"

ಆ ಕಡೆ ಟಿವಿಯ ಸದ್ದು ಜೋರಾಯಿತು. ಆಮೇಲೆ ಅತ್ತೆ, "ಇಡ್ತೀನಿ," ಎಂದು ಫೋನು ಇಟ್ಟುಬಿಟ್ಟರು.

ನಾಲ್ಕನೇ ಭಾನುವಾರ ಮನೆಯವರು ಬಂದಾಗ ಮಾತು ತೂಗಿ ತೂಗಿ ಬರುತ್ತಿತ್ತು. ಮಗಳ ಎಡಗೈಯ ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು.

"ಏನಾಯ್ತು?"

"ಚಾಕು ತಾಗ್ತು."

"ಮಧ್ಯಾಹ್ನ ನಿನಗೆ ಕ್ಲಾಸು. ಚಾಕು ಯಾವಾಗ ಹಿಡಿದೆ?"

ವಕೀಲೆ ಪಟ್ಟಿ ಕಟ್ಟಿದ ಬೆರಳನ್ನು ಬೆನ್ನ ಹಿಂದೆ ಸರಿಸಿದಳು. ಅಪ್ಪ ಕಿಟಕಿ ನೋಡಿದ. ಅತ್ತೆಯೇ ಹೇಳಿದರು, "ಎರಡು ವಾರದಿಂದ ಮಧ್ಯಾಹ್ನದ ಕ್ಲಾಸಿಗೆ ಹೋಗ್ತಿಲ್ಲ. ಅಡುಗೆ, ಬಟ್ಟೆ ಎಲ್ಲಾ ಅವಳೇ. ಕ್ಲಾಸು ಬೇಡ ಅಂದಿದ್ದು ಇವನೇ."

"ಎರಡು ತಿಂಗಳು ತಾನೇ," ಎಂದ ಗಂಡ. "ಪುಸ್ತಕ ಮನೇಲೇ ಓದಬಹುದು."

ಬುಗುರಿ ಏಳಲು ಹೊರಟಳು. ಭುಜ ಹಾಸಿಗೆಯಿಂದ ಎರಡು ಬೆರಳಿನಷ್ಟು ಮೇಲೆ ಹೋದದ್ದೇ ತಡ, ಬಾಗಿಲಲ್ಲಿ ನರ್ಸ್ ಕಾಣಿಸಿಕೊಂಡಳು. ಅವಳು ಮತ್ತೆ ಭುಜ ಊರಿದಳು. ಕಣ್ಣಿಗೆ ಬಂದ ನೀರು, ತಲೆ ಕೆಳಗಿದ್ದುದರಿಂದ, ಹಣೆಯ ಕಡೆ ಹರಿದು ಕೂದಲಿಗೆ ಸೇರಿತು.

"ನಾಳೆಯಿಂದ ಅವಳು ಕ್ಲಾಸಿಗೆ ಹೋಗ್ತಾಳೆ."

"ಹಾಗಾದ್ರೆ ನೀನು ಮನೆಗೆ ಬಾ."

"ಅವಳು ಕ್ಲಾಸಿಗೆ ಹೋಗ್ತಾಳೆ. ನಾನು ಇಲ್ಲೇ ಇರ್ತೀನಿ. ಅತ್ತೆಗೆ ಮಂಡಿ ನೋವು. ಇನ್ನು ಉಳಿದವರು ಯಾರು ಅಂತ ನೀವೇ ನೋಡಿ."

ಗಂಡನಿಗೆ ಉಳಿದವರು ಯಾರೂ ಕಾಣಲಿಲ್ಲ.

ಗುರುವಾರ ಅವನು ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಕೇಂದ್ರದ ಕಚೇರಿಗೆ ಬಂದ. "ನನ್ನ ಹೆಂಡತಿ ಬಿಟ್ಟು ಬರ್ತಾಳೆ, ಎಲ್ಲಿ ಸಹಿ ಹಾಕಬೇಕು?" ಎಂದು ಕೇಳಿದ. ಅದನ್ನು ಅವರೇ ಹೇಳಬೇಕು, ಬೇರೆ ಯಾರು ಹೇಳಿದರೂ ನಡೆಯುವುದಿಲ್ಲ ಎಂದರು ಕಚೇರಿಯವರು. ಡಾಕ್ಟರಮ್ಮನ ಅನುಮತಿ ಪಡೆದು ಹತ್ತು ನಿಮಿಷಕ್ಕೆ ಒಳಗೆ ಬಿಟ್ಟರು.

ಅವನು ಸ್ಟೂಲಿನ ಮೇಲೆ ಕುಳಿತು ಟೋಪಿ ಮೊಣಕಾಲ ಮೇಲಿಟ್ಟುಕೊಂಡ. "ಎಲ್ಲರೂ ಕೇಳ್ತಾರೆ. ಡಿಪೋದಲ್ಲಿ, ಬೀದೀಲಿ. ಹೆಂಡತಿ ಎಲ್ಲಿ ಅಂತ. ಮಲಗಿದ್ದಾಳೆ ಅಂತ ಹೇಳಲಾ?"

"ಹೇಳಿ. ನಿಜ ತಾನೇ."

"ನಗ್ತಾರೆ ಕಣೇ. ಇದೊಂದು ಕೆಲಸಾನಾ?"

"ನೀವು ಎಂಟೂವರೆ ಗಂಟೆ ಕೂತ್ಕೋತೀರಿ. ಅದಕ್ಕೆ ಸಂಬಳ ಬಂದ್ರೆ ಯಾರೂ ನಗಲ್ಲ."

"ನಾನು ಬಸ್ಸು ಓಡಿಸ್ತೀನಿ!"

"ನಾನು ಒಂದು ತಿಂಗಳಿಂದ ತಲೆ ಎತ್ತಿಲ್ಲ. ನೀವು ಒಂದು ಮಧ್ಯಾಹ್ನ ಮಾಡಿ ತೋರ್ಸಿ. ಮೂಗು ಕಟ್ಟಿರುತ್ತೆ, ಸೊಂಟ ಹಿಡಿದಿರುತ್ತೆ, ಮೂತ್ರಕ್ಕೂ ಗಂಟೆ ಒತ್ತಬೇಕು. ಆಗಲೂ ಏಳಬಾರದು. ಇಸ್ತ್ರಿ ಇದಕ್ಕಿಂತ ಸುಲಭ."

"ಸರಿ, ಕಷ್ಟ ಪಟ್ಟಿದ್ದು ಸಾಕು. ಬಿಡೋಕೆ ಕಾರಣ ಕೂಡ ಹೇಳಬೇಕಾಗಿಲ್ಲ ಅಂತ ಬರೆದಿದೆಯಲ್ಲ. ಎದ್ದು ಬಾ."

"ಬಿಡೋಕೆ ಕಾರಣ ಬೇಡ ಅಂದ್ಮೇಲೆ ಇರೋಕೂ ಬೇಡ," ಎಂದಳು ಬುಗುರಿ. "ಇಷ್ಟು ದಿನ ಕಾರಣ ಹೇಳಿದೆ. ಕಾಲಿನ ವಿಷಯ ಹೇಳಿದೆ, ಆಕಾಶದ ವಿಷಯ ಹೇಳಿದೆ. ಇವತ್ತು ಹೇಳಲ್ಲ. ಇರ್ತೀನಿ, ಅಷ್ಟೇ."

ಅವನು ಟೋಪಿ ಹಾಕಿಕೊಂಡು ಎದ್ದ. ಬಾಗಿಲ ಹತ್ತಿರ ತಿರುಗಿ, "ಇವತ್ತು ಮನೇಲಿ ಏನೂ ಮಾಡಿಲ್ಲ," ಎಂದ.

"ಹಾಗಾದ್ರೆ ಬೇಗ ಹೋಗಿ."

ಶುಕ್ರವಾರ ಸಂಜೆ ಮಗಳು ವಿಡಿಯೋ ಕರೆ ಮಾಡಿದಳು. ನಗು ತಡೆಯಲಾರದೆ ಫೋನು ನಡುಗುತ್ತಿತ್ತು. "ಅಮ್ಮ, ಅಜ್ಜೀನ ನೋಡು."

ಅತ್ತೆ ಮಂಚದ ಮೇಲೆ ಚಾವಣಿ ನೋಡುತ್ತ ಮಲಗಿದ್ದರು. ಪಾದದ ಕಡೆ ಮಂಚದ ಎರಡೂ ಕಾಲುಗಳ ಅಡಿಗೆ ಒಂದೊಂದು ಇಟ್ಟಿಗೆ ಇಟ್ಟಿತ್ತು.

"ಇದೇನು ಅತ್ತೆ?"

"ಆರು ಡಿಗ್ರಿ," ಎಂದರು ಅತ್ತೆ. "ಬೆಳಗ್ಗೆಯಿಂದ ಮಲಗಿದೀನಿ. ಇವಳನ್ನ ಕ್ಲಾಸಿಗೆ ಅಟ್ಟಿದೆ. ಒಂದೂವರೆಗೆ ನಿನ್ನ ಗಂಡ ಬಂದು ಊಟ ಅಂದ. ನಾನೂ ಪ್ರಯೋಗಕ್ಕೆ ಸೇರಿದೀನಿ ಕಣಪ್ಪಾ, ಏಳೋ ಹಾಗಿಲ್ಲ ಅಂದೆ."

"ಇಟ್ಟಿಗೆ ಯಾರು ಇಟ್ಟಿದ್ದು?"

"ನಿನ್ನೆ ರಾತ್ರಿ ಅವನ ಕೈಲೇ ಇಡಿಸಿದೆ. ಬೆನ್ನು ನೋವು ಅಂದೆ, ಇಟ್ಟ ಪಾಪ."

ಚಾದರ ಬದಲಿಸಲು ಬಂದಿದ್ದ ನರ್ಸ್ ಇದನ್ನು ಕೇಳಿ ಡಾಕ್ಟರಮ್ಮನಿಗೆ ಹೇಳಿದಳು. ಅವರು ಓಡಿ ಬಂದು ಫೋನಿಗೆ ಮುಖ ಕೊಟ್ಟರು. "ಅಮ್ಮಾ, ದಯವಿಟ್ಟು ಇಟ್ಟಿಗೆ ತೆಗೆಸಿ. ನಿಮ್ಮ ವಯಸ್ಸಿಗೆ ಇದು ಆಗಲ್ಲ."

"ಇಟ್ಟಿಗೆ ತೆಗೆಸ್ತೀನಿ. ಏಳೋದಿಲ್ಲ," ಎಂದರು ಅತ್ತೆ. "ಅವಳ ಪಾಲು ನಾನು ತಿಂದೆ, ನೀವು ಅವಳನ್ನ ಕಳ್ಳಿ ಥರ ಪಕ್ಕದಲ್ಲಿ ಕೂತು ಕಾದ್ರಿ. ತೀರಿಸೋಕೆ ನನಗೆ ಬೇರೆ ದಾರಿ ಗೊತ್ತಿಲ್ಲ."

ಶನಿವಾರ ಮಧ್ಯಾಹ್ನ ಎರಡಕ್ಕೆ ಬುಗುರಿಯ ಫೋನು ಮತ್ತೆ ಹೊಡೆದುಕೊಂಡಿತು. ಗಂಡ.

"ನಿನ್ನ ಅತ್ತೆಗೆ ಸ್ವಲ್ಪ ಹೇಳು."

"ನನಗೆ ಅತ್ತೆ. ನಿಮಗೆ ಅಮ್ಮ. ನೀವೇ ಹೇಳಿ."

"ನಿನ್ನೆ ಬ್ರೆಡ್ಡು. ಇವತ್ತೂ ಬ್ರೆಡ್ಡು ತಂದ್ರೆ ಮುಖಕ್ಕೆ ಎಸೀತೀನಿ ಅಂತಿದ್ದಾರೆ."

ಫೋನಿನಲ್ಲಿ ಅವನು ಉಸಿರು ಬಿಡುವುದು, ಯಾವುದೋ ಡಬ್ಬಿಯ ಮುಚ್ಚಳ ತೆಗೆದು ಹಾಕುವುದು ಕೇಳಿಸಿತು. ಇನ್ನೊಂದು ಮುಚ್ಚಳ. ಮತ್ತೊಂದು.

"ಅಕ್ಕಿ ಯಾವುದರಲ್ಲಿದೆ?" ಎಂದ ಕೊನೆಗೆ.

"ಕೆಳಗಿನ ಸಾಲಲ್ಲಿ ನೀಲಿ ಡಬ್ಬಿ. ವಿಡಿಯೋ ಹಾಕಿ ಫೋನು ಅದರ ಮೇಲೇ ನಿಲ್ಸಿ, ನನಗೆ ಕಾಣಲಿ."

ತಲೆ ಕೆಳಗಾಗಿ ಮಲಗಿದವಳಿಗೆ ತನ್ನ ಅಡುಗೆಮನೆ ಮೊದಲ ಬಾರಿಗೆ ಹೊರಗಿನವರಿಗೆ ಕಾಣುವಂತೆ ಕಂಡಿತು. ಎಷ್ಟು ಚಿಕ್ಕದು. ಒಲೆಯ ಮೇಲಿನ ಗೋಡೆ ಎಷ್ಟು ಕಪ್ಪು. ಇಷ್ಟರಲ್ಲಿ ಇಪ್ಪತ್ತು ವರ್ಷ ಸುತ್ತಿದೆನಲ್ಲ ಎಂದುಕೊಂಡಳು.

"ನೀರು ಎಷ್ಟು?"

"ಒಂದಕ್ಕೆ ಎರಡು."

"ಒಂದಕ್ಕೆ ಎರಡು ಅಂದ್ರೆ?"

"ರೀ, ಮೂವತ್ತು ಅಡಿ ಬಸ್ಸು ಸಂದೀಲಿ ತಿರುಗಿಸ್ತೀರಿ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಹಾಕೋಕಾಗಲ್ವಾ?"

"ಬಸ್ಸು ಉಕ್ಕಲ್ಲ," ಎಂದ ಅವನು. ಸ್ವಲ್ಪ ಹೊತ್ತಿಗೆ ಅನ್ನ ಉಕ್ಕಿತು. ಬರಿಗೈಯಲ್ಲಿ ಮುಚ್ಚಳ ಹಿಡಿದು, ಕೈ ಕೊಡವಿ, ಒಲೆಗೂ ಅಕ್ಕಿಗೂ ಪ್ರಯೋಗ ಮಾಡುವ ಎಲ್ಲ ಡಾಕ್ಟರುಗಳಿಗೂ ಸೇರಿಸಿ ಬೈದ.

ಆ ದಿನದ ಅನ್ನ ಅಂಟಾಗಿತ್ತು. ಅತ್ತೆ ಮಲಗಿದಲ್ಲಿಂದಲೇ ತಿಂದು, "ಗೋಡೆಗೆ ಪೇಪರ್ ಅಂಟಿಸೋಕೆ ಸ್ವಲ್ಪ ಎತ್ತಿಡು," ಎಂದರಂತೆ. ಒಂದು ವಾರದ ಮೇಲೆ ಎದ್ದು ಕುಳಿತು, ಮಗನ ಪಕ್ಕ ಕುರ್ಚಿ ಹಾಕಿಸಿಕೊಂಡು, ಬೇಳೆಗೆ ಉಪ್ಪು ಎಷ್ಟು ಎಂದು ಹೇಳಿಕೊಡತೊಡಗಿದರು. ಅವನು ಪ್ರೀತಿಯಿಂದೇನೂ ಮಾಡಲಿಲ್ಲ. ದಿನಾ ಗೊಣಗಿದ. ಭಾನುವಾರಗಳಲ್ಲಿ ಬುಗುರಿಯೊಡನೆ ಮಾತಾಡದೆ ಮುಖ ಊದಿಸಿಕೊಂಡು ಕುಳಿತ. ಆದರೆ ಮಗಳು ಕ್ಲಾಸಿಗೆ ಹೋದಳು. ಬುಗುರಿ ತನ್ನ ತಟ್ಟೆಯದನ್ನೆಲ್ಲ ತಿಂದಳು. ನಲವತ್ತನೇ ದಿನದ ಹೊತ್ತಿಗೆ ತೂಕದ ಹುಡುಗಿ ಪಕ್ಕದಲ್ಲಿ ಕೂರುವುದನ್ನು ಬಿಟ್ಟಳು.

ಅರವತ್ತನೇ ದಿನ ಮೀನಖಂಡದ ಚಿತ್ರ ತೆಗೆದರು. ಹತ್ತರಲ್ಲಿ ಎರಡು ಪಾಲು ಹೋಗಿತ್ತು.

"ಅಪರೂಪದ ಕಾಲು ಅಂದಿದ್ರಿ," ಎಂದಳು ಬುಗುರಿ.

"ಅಪರೂಪದ್ದೂ ಕರಗುತ್ತೆ. ಅದು ಗೊತ್ತಾಗಿದ್ದು ನಿಮ್ಮಿಂದ," ಎಂದರು ಡಾಕ್ಟರಮ್ಮ. "ನಾಳೆ ನಿಲ್ಲಿಸ್ತೀವಿ. ತಲೆ ಸುತ್ತುತ್ತೆ, ಅಂಗಾಲು ಉರಿಯುತ್ತೆ. ಹೆದರಬೇಡಿ."

ಶುಕ್ರವಾರ ಬೆಳಿಗ್ಗೆ ಅವಳನ್ನು ಹಲಗೆಗೆ ಬಿಗಿದು ಹಲಗೆಯನ್ನೇ ಎತ್ತಿ ನಿಲ್ಲಿಸಿದರು. ಹದಿನೈದು ನಿಮಿಷ ನಿಲ್ಲಬೇಕಿತ್ತು. ಒಂಬತ್ತನೇ ನಿಮಿಷಕ್ಕೆ ಬೆವರಿತು, ಹನ್ನೊಂದನೆಯದಕ್ಕೆ ಗೋಡೆಯ ಗಡಿಯಾರ ಎರಡಾಗಿ ಕಂಡಿತು, ರಕ್ತದೊತ್ತಡ ಬಿತ್ತು, ಮಲಗಿಸಿಬಿಟ್ಟರು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಉಳಿದವರು ಎಷ್ಟು ಹೊತ್ತು ನಿಂತ್ರು?" ಹೇಳುವಂತಿಲ್ಲ ಎಂದರು.

ನಾಲ್ಕು ಗಂಟೆಗೆ ನಡಿಗೆಯ ಪರೀಕ್ಷೆ. ಉದ್ದನೆಯ ಓಣಿಯಲ್ಲಿ ಹತ್ತು ಮೀಟರ್ ಹಳದಿ ಪಟ್ಟಿ ಅಂಟಿಸಿದ್ದರು. ಈ ತುದಿಯಿಂದ ಆ ತುದಿಗೆ ಯಾವ ಆಸರೆಯೂ ಇಲ್ಲದೆ ನಡೆಯಬೇಕು. ಬೀಳುವಂತಾದರೆ ಹಿಡಿಯಲು ಹಿಂದೆ ಇಬ್ಬರು ಸಹಾಯಕರು, ಎದುರಿಗೆ ಹೆಜ್ಜೆ ಲೆಕ್ಕ ಹಾಕುವ ಯಂತ್ರ. ಮನೆಯವರನ್ನು ಗೋಡೆಯ ಬದಿಯ ಬೆಂಚಿನಲ್ಲಿ ಕೂರಿಸಿದ್ದರು. ಗಂಡ ಖಾಕಿಯಲ್ಲೇ ಬಂದಿದ್ದ. ಅವನ ಬಲಗೈ ಬೆರಳಿನ ಮೇಲೆ ಸುಟ್ಟ ಗುರುತಿತ್ತು.

ಬುಗುರಿ ಮೊದಲ ಹೆಜ್ಜೆ ಇಟ್ಟಳು. ನೆಲ ಎದ್ದು ಬಂದು ಅಂಗಾಲಿಗೆ ಹೊಡೆದಂತಾಯಿತು. ಬಾತುಕೋಳಿಯ ಹಾಗೆ ಕಾಲು ಅಗಲಿಸಿ ಎರಡನೆಯದು ಇಟ್ಟಳು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನಾಲ್ಕನೇ ಹೆಜ್ಜೆಗೆ ಮೈ ಎಡಕ್ಕೆ ವಾಲಿತು. ಗಂಡ ಧಡಕ್ಕನೆ ಎದ್ದು ಎರಡೂ ಕೈ ಚಾಚಿ ಪಟ್ಟಿಯ ಮೇಲೆ ನುಗ್ಗಿದ.

"ಮುಟ್ಟಬೇಡಿ!" ಎಂದಳು ಅವಳು.

"ಬೀಳ್ತೀಯ ಕಣೇ."

"ಬೀಳಲ್ಲ. ನೀವು ಮುಟ್ಟಿದ್ರೆ ಮೊದಲಿಂದ ನಡೀಬೇಕಾಗುತ್ತೆ. ಜಾಗ ಬಿಡಿ."

ಅವನು ಕೈ ಹಿಂದಕ್ಕೆ ಎಳೆದುಕೊಂಡು, ತಿರುವಿನಲ್ಲಿ ಎದುರು ಗಾಡಿಗೆ ದಾರಿ ಬಿಡುವವನಂತೆ ಬೆನ್ನನ್ನು ಗೋಡೆಗೆ ಒತ್ತಿ ನಿಂತ. ಬುಗುರಿ ಅವನ ಮುಂದೆಯೇ, ಮೈ ತಾಗದಂತೆ, ಐದನೇ ಹೆಜ್ಜೆ ಇಟ್ಟು ಮುಂದೆ ಹೋದಳು.